ಊಟಿಯ ತೋಟದಲ್ಲಿ ಕಂಡ ನಮ್ಮ ಹೊಲದ ಚರಿತ್ರೆ

ನಮ್ಮ ತಾಳವಾಡಿ ಸೀಮೆಯವರಿಗೆ ಊಟಿ ಅಂದರೆ ಎರಡೇ. ಒಂದು, ಹೊಸದಾಗಿ ಮದುವೆಯಾದವರು ಹೋಗಿ ಫೋಟೋ ಹಿಡಿಸಿಕೊಂಡು ಬರೋ ಊರು. ಇನ್ನೊಂದು, ಹೊಟ್ಟೆಪಾಡಿಗೆ ಕ್ಯಾರೆಟ್ ಕೀಳೋಕೆ, ಟೀ ಸೊಪ್ಪು ಕುಯ್ಯೋಕೆ ಹೋಗೋ ಊರು. ಅಲ್ಲಿರುವ ಸರ್ಕಾರಿ ಸಸ್ಯೋದ್ಯಾನಕ್ಕೆ ನಮ್ಮಲ್ಲಿ ತಮಿಳಿನ ಮಾತೇ ಬಳಕೆ, ಪೂಂಗಾ ಅಂತೀವಿ. ಪೂಂಗಾಕ್ಕೆ ಹೋದರೆ ಹೂವು ನೋಡೋದು, ಹುಲ್ಲಿನ ಮೇಲೆ ಕೂತು ಕಟ್ಟಿಕೊಂಡು ಹೋದ ಪುಳಿಯೋಗರೆ ತಿನ್ನೋದು, ಸಂಜೆಗೆ ಹೊರಡೋದು. ಅದಕ್ಕೊಂದು ಚರಿತ್ರೆ ಇದೆ, ಆ ಚರಿತ್ರೆಯ ಎಳೆ ನಮ್ಮ ಹೊಲದ ಬದುವಿನವರೆಗೂ ಬಂದಿದೆ ಅಂತ ಯಾರೂ ಹೇಳುವುದಿಲ್ಲ. ಅದನ್ನು ಹೇಳೋಣ ಅಂತಲೇ ಈ ಬರಹ.

ನಾನು ಓದಿದ್ದು ಏಳನೇ ಕ್ಲಾಸು. ಹಗಲು ಬೇಸಾಯ, ಕರೆದವರ ಮನೆಯಲ್ಲಿ ರಾತ್ರಿ ಮಾದಪ್ಪನ ಪದ, ಮಂಟೇಸ್ವಾಮಿ ಪದ. ಚರಿತ್ರೆ ಬರೆಯೋಕೆ ಇವನಿಗೇನು ಯೋಗ್ಯತೆ ಅಂತ ಮೇಷ್ಟ್ರುಗಳು ಕೇಳಬಹುದು. ಪದ ಹೇಳೋನ ಹತ್ತಿರವೂ ಒಂದು ಅಳತೆಗೋಲು ಇರುತ್ತದೆ ಸ್ವಾಮಿ. ನನ್ನ ಗುರುಗಳಿಂದ ಕಲಿತ ಪದಗಳಲ್ಲಿ ರಾಗಿ ಬರುತ್ತದೆ, ಅವರೆ ಬರುತ್ತದೆ, ಎಳ್ಳು ಬರುತ್ತದೆ, ನೆಲ್ಲಿ ಬರುತ್ತದೆ. ಆಲೂಗಡ್ಡೆ ಎಲ್ಲೂ ಬರುವುದಿಲ್ಲ. ಎಲೆಕೋಸು ಬರುವುದಿಲ್ಲ. ಟೀ ಇಲ್ಲ, ನೀಲಗಿರಿ ಮರ ಇಲ್ಲ. ಇವತ್ತು ನಮ್ಮ ಹೊಲದಲ್ಲಿ ತುಂಬಿಕೊಂಡಿರೋದು ಪದದಲ್ಲಿ ಇಲ್ಲದ ಬೆಳೆಗಳೇ. ಹಾಗಾದರೆ ಇವು ಯಾವಾಗ ಬಂದವು, ಯಾರು ತಂದರು? ಈ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ನಾನು ಆ ತೋಟಕ್ಕೆ ಹೋದದ್ದು.

ರಾಗಿಯೂ ಹೊರಗಿನದೇ ಅಂತ ಮೇಷ್ಟ್ರು ತಕರಾರು ತೆಗೆದರು. ಸರಿ, ರಾಗಿ ಆಫ್ರಿಕಾ ದೇಶದಿಂದ ಬಂದದ್ದು, ಸಾವಿರಾರು ವರ್ಷದ ಹಿಂದೆ. ಅಷ್ಟು ಕಾಲ ನಮ್ಮ ಜೊತೆ ಬಾಳಿದ್ದಕ್ಕೇ ಅದು ಪದಕ್ಕೆ ಬಂತು. ಕನಕದಾಸರು ರಾಗಿಗೂ ನೆಲ್ಲಿಗೂ ಜಗಳ ಹಚ್ಚಿ ‘ರಾಮಧಾನ್ಯ ಚರಿತೆ’ ಬರೆಯುವಷ್ಟು ಅದು ನಮ್ಮದಾಗಿತ್ತು. ಆಲೂಗಡ್ಡೆಗೆ ಇನ್ನೂ ಆ ಭಾಗ್ಯ ಬಂದಿಲ್ಲ, ಬಂದು ಇನ್ನೂರು ವರ್ಷ ಆಗಿರೋದು ಅಷ್ಟೇ.

ನಮ್ಮ ವಾಚನಾಲಯದಿಂದ ಹತ್ತೊಂಬತ್ತು ಜನ ವ್ಯಾನು ಮಾಡಿಕೊಂಡು ಹೋದೆವು. ಮಕ್ಕಳೇ ಹೆಚ್ಚು. ಮೇ ತಿಂಗಳ ಹೂವಿನ ಪ್ರದರ್ಶನ ಮುಗಿದ ಮೇಲೆ ಹೋಗಿದ್ದು ಒಳ್ಳೆಯದಾಯಿತು. 1896ರಿಂದ ನಡೆದುಕೊಂಡು ಬಂದ ಪ್ರದರ್ಶನ ಅದು. ಆ ದಿನಗಳಲ್ಲಿ ಹೋದರೆ ಹೂವಿಗಿಂತ ಜನರ ತಲೆ ಜಾಸ್ತಿ ಕಾಣುತ್ತದೆ. ನಮ್ಮ ದಾರಿಯೇ ಒಂದು ತಮಾಷೆ. ತಾಳವಾಡಿಯೂ ತಮಿಳುನಾಡು, ಊಟಿಯೂ ತಮಿಳುನಾಡು. ಆದರೆ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ ಅಂತ ಕರ್ನಾಟಕವನ್ನು ಹಾಯ್ದು ಗೂಡಲೂರಿಗೆ ಬಿದ್ದು ಘಾಟಿ ಹತ್ತಿದೆವು. ದಿಂಬಂ ಇಳಿದು ಸತ್ಯಮಂಗಲ, ಮೇಟುಪಾಳ್ಯದ ಮೇಲೆ ಹೋಗುವ ದಾರಿಯೂ ಇದೆ, ಸುತ್ತು. ಗೂಡಲೂರಿನ ಮೇಲೆ ನಡುವಟ್ಟಂ ಅನ್ನೋ ಊರಿನಲ್ಲಿ ಟೀ ಕುಡಿಯೋಕೆ ನಿಲ್ಲಿಸಿದೆವು. ಆ ಊರಿನ ಕಥೆ ಮುಂದೆ ಬರುತ್ತದೆ, ನೆನಪಿರಲಿ.

ಘಾಟಿ ಹತ್ತಿದ ಮೇಲೆ ಕಿವಿ ಒಸಿ ಚುರುಕು ಮಾಡಿಕೊಂಡರೆ ಅದು ನಮ್ಮ ಸೀಮೆಯೇ ಅಂತ ಗೊತ್ತಾಗುತ್ತದೆ. ಅಲ್ಲಿನ ಎತ್ತರದ ಶಿಖರದ ಹೆಸರು ದೊಡ್ಡಬೆಟ್ಟ, 2,637 ಮೀಟರ್. ಊರುಗಳಿಗೆ ಹಟ್ಟಿ ಅಂತ ಹೆಸರು. ಬಡಗರು ಅಂದರೆ ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆ ಕಡೆಯಿಂದ ಹತ್ತಿಹೋದವರು. ಅವರ ಮಾತು ನಮ್ಮ ಕನ್ನಡದ ಒಡಹುಟ್ಟು. ತೋಟದಲ್ಲಿ ಗಿಡ ಸವರುತ್ತಿದ್ದ ಒಬ್ಬ ಮಾಲಿ ಬಡಗರವರು. ನಾನು ನಮ್ಮ ಮಾತಲ್ಲಿ ಕೇಳಿದೆ, ಅವರು ಅವರ ಮಾತಲ್ಲಿ ಹೇಳಿದರು, ನಡುವೆ ತಮಿಳು ಬೇಕಾಗಲೇ ಇಲ್ಲ. ನಮ್ಮ ಜೊತೆ ಬಂದ ಮಕ್ಕಳಿಗೆ ಅದೇ ಒಂದು ದೊಡ್ಡ ಸೋಜಿಗ.

1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ನೀಲಗಿರಿ ಇಂಗ್ಲಿಷರ ಕೈ ಸೇರಿ ಕೋಯಮತ್ತೂರು ಜಿಲ್ಲೆಯ ಭಾಗವಾಯಿತು. ನಮ್ಮ ತಾಳವಾಡಿಯೂ ಈರೋಡು ಜಿಲ್ಲೆ ಆಗುವವರೆಗೆ, 1979ರ ತನಕ, ಅದೇ ಕೋಯಮತ್ತೂರು ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಕಲೆಕ್ಟರ್ ಜಾನ್ ಸುಲ್ಲಿವನ್ ಅನ್ನೋ ಇಂಗ್ಲಿಷಿನವನು 1819ರಲ್ಲಿ ಬೆಟ್ಟ ಹತ್ತಿದ. ಬಿಸಿಲಿಗೆ ಬೆಂದುಹೋಗಿದ್ದ ಅವನಿಗೆ ಆ ಚಳಿ ತನ್ನ ಊರಿನ ಹಾಗೇ ಕಂಡಿತು. 1822ರಲ್ಲಿ ಊಟಿಯಲ್ಲಿ ಕಲ್ಲಿನ ಮನೆ ಕಟ್ಟೋಕೆ ತೊಡಗಿದ. ಆ ನೆಲವನ್ನು ತೊದವರಿಂದ ಎಕರೆಗೆ 1 ರೂಪಾಯಿಯಂತೆ ತೆಗೆದುಕೊಂಡ ಅಂತ ಲೆಕ್ಕ ಇದೆ. ಆ ಕಾಲದ ಒಂದು ರೂಪಾಯಿ ಅಂತ ಇಟ್ಟುಕೊಂಡರೂ ಅಗ್ಗವೇ. ಆದರೂ ಒಂದು ಮಾತು ಹೇಳಬೇಕು. ಈ ಬೆಟ್ಟದ ನೆಲ ತೊದವರದು, ಅವರಿಗೆ ಹಕ್ಕು ಇದೆ ಅಂತ ಸರ್ಕಾರದ ಜೊತೆ ವಾದ ಮಾಡಿದವನೂ ಅವನೇ. ಅವನ ನಂತರ ಬಂದವರು ಅಷ್ಟೂ ಮಾಡಲಿಲ್ಲ.

ಸುಲ್ಲಿವನ್ ತನ್ನ ತೋಟದಲ್ಲಿ ಆಲೂಗಡ್ಡೆ, ಬಾರ್ಲಿ, ಸೀಮೆಯ ತರಕಾರಿ, ಹಣ್ಣಿನ ಗಿಡ ಎಲ್ಲ ಹಾಕಿಸಿ ನೋಡಿದ. ಆಲೂಗಡ್ಡೆ ಹತ್ತಿತು. ಬಡಗರು ಅದನ್ನು ಹಿಡಿದುಕೊಂಡರು. ತಮ್ಮ ರಾಗಿ, ಸಾಮೆ ಬೆಳೆಯುವ ಹೊಲದಲ್ಲೇ ಅದನ್ನೂ ಬೆಳೆದು ಮಾರಿದರು. ಬಾಯಿಗೆ ಬೇಕಾಗಿದ್ದು ಬೆಳೆಯುತ್ತಿದ್ದವರು ಪೇಟೆಗೆ ಬೇಕಾಗಿದ್ದು ಬೆಳೆಯೋಕೆ ತೊಡಗಿದ್ದು ಹಾಗೆ. ನಮ್ಮ ತಾಳವಾಡಿಯ ಬೆಟ್ಟದ ತಪ್ಪಲಿಗೆ ಅದೇ ಕಥೆ ಎಷ್ಟೋ ತಡವಾಗಿ ಬಂತು, ಬಂದಮೇಲೆ ಬಿಡಲಿಲ್ಲ.

ಈಗ ತೋಟಕ್ಕೆ ಬರೋಣ. ಅದು ಮೊದಲು ಹೂವಿನ ತೋಟವೇ ಅಲ್ಲ, ಕಾಯಿಪಲ್ಲೆ ತೋಟ! ಊಟಿಯಲ್ಲಿ ನೆಲೆನಿಂತ ಬಿಳಿಯರಿಗೆ ಅವರ ಊರಿನ ಕೋಸು, ಕ್ಯಾರೆಟ್ ಬೇಕಾಗಿತ್ತು. 1845ರಲ್ಲಿ ತಿಂಗಳಿಗೆ 3 ರೂಪಾಯಿ ಚಂದಾ ಹಾಕಿಕೊಂಡು ತರಕಾರಿ ತೋಟ ಶುರು ಮಾಡಿದರು. ನಮ್ಮಲ್ಲಿ ಹಾಲಿನ ಸಂಘ ಮಾಡಿದ ಹಾಗೆ ಅಂದುಕೊಳ್ಳಿ. ಅದು ನಡೆಯಲಿಲ್ಲ. ಆಗ ಮದ್ರಾಸಿನ ಗವರ್ನರ್ ಆಗಿದ್ದ ಟ್ವೀಡೇಲ್ ಪ್ರಭು ಮುಂದೆ ನಿಂತು ಸಾರ್ವಜನಿಕ ತೋಟಕ್ಕೆ ಹಣ ಕೂಡಿಸಿದರು. ಲಂಡನ್ ಹತ್ತಿರದ ಕ್ಯೂ ಅನ್ನೋ ದೊಡ್ಡ ಸಸ್ಯೋದ್ಯಾನದಲ್ಲಿ ಕೆಲಸ ಕಲಿತ ವಿಲಿಯಂ ಗ್ರಹಾಂ ಮೆಕೈವರ್ ಅನ್ನೋ ತೋಟಗಾರ 1848ರಲ್ಲಿ ಬಂದ. ಅವನು ಬಂದು ನೋಡಿದಾಗ ಮೇಲ್ಗಡೆ ಕಡಿದಾದ ದಿಣ್ಣೆ, ದಟ್ಟ ಕಾಡು, ಕೆಳಗಡೆ ಬರೀ ಜೌಗು. ಸರಿಸುಮಾರು ಹತ್ತು ವರ್ಷ ಹಿಡಿಯಿತು ಅದನ್ನು ತೋಟ ಮಾಡೋಕೆ. ಈಗ ನಾವು ಕಂಬಳಿ ಹಾಸಿದಂತಿದೆ ಅಂತ ಕೂರುವ ಕೆಳಗಿನ ಹುಲ್ಲುಹಾಸು ಅವತ್ತಿನ ಜೌಗು. ಜೌಗು ಅಂದರೆ ನೀರು ಹಿಡಿದು ಮೆಲ್ಲಗೆ ಬಿಡುವ ಬೆಟ್ಟದ ಕೆರೆ. ಬೇಸಾಯಗಾರನಿಗೆ ಅದು ಮೊದಲು ಕಣ್ಣಿಗೆ ಬೀಳುತ್ತದೆ, ಹೂವು ಆಮೇಲೆ.

ಹತ್ತು ವರ್ಷ ಆ ಜೌಗಿನಲ್ಲಿ ಮೊಣಕಾಲುದ್ದ ಇಳಿದು ಕಾಲುವೆ ತೋಡಿದವರು ಯಾರು? ದಿಣ್ಣೆ ಕಡಿದು ಮೆಟ್ಟಿಲು ಮಾಡಿದವರು ಯಾರು? ಟ್ವೀಡೇಲ್ ಪ್ರಭುವಿನ ಹೆಸರಿದೆ, ಮೆಕೈವರ್ ಹೆಸರಿದೆ. ಹಾರೆ ಹಿಡಿದವರ ಒಂದು ಹೆಸರೂ ಇಲ್ಲ. ಇದು ತೋಟದ ತಪ್ಪು ಅಂತ ನಾನು ಅನ್ನೋಲ್ಲ. ನಮ್ಮೂರ ಕೆರೆ ಕಟ್ಟೆ ಹಾಕಿದವರ ಹೆಸರೂ ನಮಗೆ ಗೊತ್ತಿಲ್ಲ, ಕಟ್ಟಿಸಿದವರ ಹೆಸರು ಮಾತ್ರ ಕಲ್ಲಿನ ಮೇಲಿದೆ.

ತೋಟ 55 ಎಕರೆ. ಹತ್ತಿ ಇಳಿದು ಹತ್ತಿ ಇಳಿದು ನನ್ನ ಮಂಡಿ ಮಾತಾಡೋಕೆ ಶುರು ಮಾಡಿತು. ಜರೀಗಿಡದ ಮನೆ, ಗಾಜಿನ ಮನೆ, ಇಟಲಿ ಮಾದರಿಯ ಹೂಪಾತಿ ಎಲ್ಲ ನೋಡಿದೆವು. ಕಲ್ಲಾಗಿಹೋದ ಮರದ ದಿಮ್ಮಿ ಒಂದಿದೆ, 2 ಕೋಟಿ ವರ್ಷದ್ದು. ನಮ್ಮ ಜೊತೆಯಲ್ಲಿದ್ದ ಒಬ್ಬ ಮುದುಕಿ ಅದಕ್ಕೆ ಕೈ ಮುಗಿದಳು. ಮಕ್ಕಳು ನಕ್ಕರು, ನಾನು ನಗಲಿಲ್ಲ. ಮರ ಕಲ್ಲಾಗುವಷ್ಟು ಕಾಲ ಅಂದರೆ ಕೈ ಮುಗಿಯುವ ಕಾಲವೇ. ಮುಂದೆ ನನ್ನ ಮೊಮ್ಮಗ ಒಂದು ಮುಳ್ಳುಮುಳ್ಳಿನ ಮರದ ಬುಡದಲ್ಲಿ ನಿಂತು ಕೂಗಿದ: “ತಾತ, ಇದು ಕೋತಿ ಹತ್ತಕ್ಕಾಗದ ಮರವಂತೆ ಕಣ್ ತಾತ!” ಅದರ ಪಕ್ಕದಲ್ಲೇ ಒಂದು ಕೋತಿ ಯಾರದೋ ಕೈಯಿಂದ ಚಿಪ್ಸ್ ಪೊಟ್ಟಣ ಕಿತ್ತುಕೊಂಡು ನೆಲದ ಮೇಲೇ ಕೂತು ತಿನ್ನುತ್ತಿತ್ತು. ಅದಕ್ಕೆ ಮರ ಹತ್ತುವ ದರ್ದೇ ಇರಲಿಲ್ಲ.

ಇನ್ನು ನಡುವಟ್ಟಂ ಕಥೆ. ಇದೇ ಈ ಬರಹದ ತಿರುಳು.

ನಮ್ಮಜ್ಜಿಯ ಕಾಲದಲ್ಲಿ ಮೋಯಾರು ಹೊಳೆ ಕಡೆಗೆ ದನ ಹೊಡೆದುಕೊಂಡು ಹೋದವರು ಚಳಿಜ್ವರ ಹೊತ್ತುಕೊಂಡು ಬರುತ್ತಿದ್ದರು. ಒಂದು ದಿನ ಬಿಟ್ಟು ಒಂದು ದಿನ ನಡುಕ. ಎರಡು ಕಂಬಳಿ ಹೊದಿಸಿ ಮೇಲೆ ಇಬ್ಬರು ಕೂತರೂ ನಿಲ್ಲದ ನಡುಕ. ಆಗ ಕೊಡುತ್ತಿದ್ದ ಮದ್ದು ಕ್ವಿನೈನ್. ‘ಕೊಯಿನಾ’ ಅಂತಿದ್ದಳು ಅಜ್ಜಿ. ಅದರ ಕಹಿಯನ್ನು ನೆನೆಸಿಕೊಂಡರೆ ಸಾಯೋವರೆಗೂ ಮುಖ ಹಿಂಡುತ್ತಿದ್ದಳು. ಅಂಚೆ ಕಚೇರಿಗಳಲ್ಲೇ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಕಾಸಿಗೆ ಮಾರುತ್ತಿದ್ದ ಕಾಲ ಅದು. ಆ ಕಹಿ ಒಂದು ಮರದ ತೊಗಟೆಯದು, ಸಿಂಕೋನಾ ಅಂತ ಆ ಮರ. ಭೂಮಿಯ ಆಚೆ ಮಗ್ಗುಲಿನ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ ಮಾತ್ರ ಇತ್ತು. ತೊಗಟೆಯಿಂದ ಮದ್ದಿನ ಸಾರ ತೆಗೆಯುವುದನ್ನು 1820ರಲ್ಲಿ ಫ್ರಾನ್ಸಿನ ಇಬ್ಬರು ಕಂಡುಹಿಡಿದ ಮೇಲೆ ಅದಕ್ಕೆ ಇನ್ನಿಲ್ಲದ ಬೇಡಿಕೆ ಬಂತು. ಇಲ್ಲಿನ ಪಾಳ್ಯಗಳಲ್ಲಿ ಜ್ವರಕ್ಕೆ ಸಾಯುತ್ತಿದ್ದ ತಮ್ಮ ಸಿಪಾಯಿಗಳಿಗೆ ಇಂಗ್ಲಿಷರಿಗೆ ಅದು ಬೇಕೇ ಬೇಕಾಗಿತ್ತು. ಆ ದೇಶದವರೋ, ಗಿಡ ಬೀಜ ಹೊರಗೆ ಬಿಡಲು ಒಪ್ಪಲಿಲ್ಲ.

1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಂ ಅನ್ನೋನ ಮುಂದಾಳುತನದಲ್ಲಿ ಒಂದು ತಂಡ ಹೋಗಿ ಸಸಿ, ಬೀಜ ತಂದಿತು. ಕದ್ದು ತಂದರು ಅಂತ ಆ ಕಡೆಯವರು, ಲೋಕಕ್ಕೆ ಉಪಕಾರ ಮಾಡಿದರು ಅಂತ ಈ ಕಡೆಯವರು. ಸಸಿ ಬಂದ ಬಗೆ ನೋಡಿ: ಸುತ್ತಲೂ ಗಾಜು ಹಾಕಿ ಮುಚ್ಚಿದ ಪೆಟ್ಟಿಗೆ, ಒಳಗೆ ಮಣ್ಣು, ಗಿಡ. ಒಳಗಿನ ನೀರಿನ ಆವಿ ಗಾಜಿಗೆ ತಗುಲಿ ಮತ್ತೆ ಮಣ್ಣಿಗೆ ಇಳಿಯುತ್ತದೆ, ಹಡಗಿನ ಮೇಲೆ ತಿಂಗಳುಗಟ್ಟಲೆ ನೀರು ಹಾಕದಿದ್ದರೂ ನಡೆಯುತ್ತದೆ. ಲಂಡನ್ನಿನ ವಾರ್ಡ್ ಅನ್ನೋ ವೈದ್ಯನ ಉಪಾಯ ಅದು. ಆದರೂ ಮಾರ್ಕಂ ತಾನೇ ತಂದ ಸಸಿಗಳು ಉಳಿಯಲಿಲ್ಲ. ಸ್ಪ್ರೂಸ್, ಕ್ರಾಸ್ ಅನ್ನೋ ಇಬ್ಬರು ಬೇರೆ ಕಡೆಯಿಂದ ಕೂಡಿಸಿದ ಕೆಂಪು ತೊಗಟೆಯ ಜಾತಿ 1861ರಲ್ಲಿ ಊಟಿಗೆ ಬಂದು ಬದುಕಿತು. ಅದನ್ನು ಮಡಿಲಿಗೆ ತೆಗೆದುಕೊಂಡವನು ನಮ್ಮ ತೋಟದ ಮೆಕೈವರ್. ತೋಟದ ನೆತ್ತಿಯ ಮೇಲಿನ ದೊಡ್ಡಬೆಟ್ಟದ ಕಾಡಿನಲ್ಲಿ, ಆಮೇಲೆ ನಡುವಟ್ಟಂನಲ್ಲಿ ಸಿಂಕೋನಾ ತೋಪು ಎದ್ದವು.

ಮೆಕೈವರ್ ಒಂದು ಒಳ್ಳೆ ಕೆಲಸ ಮಾಡಿದ. ತೊಗಟೆಗಾಗಿ ಮರವನ್ನೇ ಕಡಿಯುತ್ತಿದ್ದರು. ಇವನು ತೊಗಟೆಯನ್ನು ಉದ್ದುದ್ದ ಪಟ್ಟಿ ಬಿಡಿಸಿ, ಗಾಯದ ಮೇಲೆ ಹಸಿ ಪಾಚಿ ಕಟ್ಟಿಸಿದ. ಪಾಚಿಯ ಕೆಳಗೆ ಹೊಸ ತೊಗಟೆ ಬಂತು, ಅದರಲ್ಲಿ ಮದ್ದಿನ ಸಾರ ಮೊದಲಿಗಿಂತ ಹೆಚ್ಚಿತ್ತು. ಈ ಬುದ್ಧಿ ನಮ್ಮ ಸೋಲಿಗರಿಗೂ ಇದೆ. ಕಾಡುಗೆಣಸು ಅಗೆದರೆ ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿಗೆ ಹೂಳಿ ಬರುತ್ತಾರೆ. ಒಂದಕ್ಕೆ ಪುಸ್ತಕದಲ್ಲಿ ಹೆಸರು ಬಂತು, ಇನ್ನೊಂದು ಕಾಡಿನಲ್ಲೇ ಉಳಿಯಿತು.

ನಡುವಟ್ಟಂ ತೋಪಿಗೆ ಕೂಲಿ ಬೇಕಲ್ಲ? ಮಲಯ, ಸಿಂಗಪುರದ ಕಡೆಯಿಂದ ಮದ್ರಾಸ್ ಪ್ರಾಂತ್ಯಕ್ಕೆ ಸಾಗಿಸಿದ್ದ ಚೀನೀ ಕೈದಿಗಳನ್ನು ಇಲ್ಲಿ ತಂದು ದುಡಿಸಿದರು. ಅವರನ್ನಿಟ್ಟಿದ್ದ ಹಳೇ ಜೈಲು ಟೀ ಕಾರ್ಖಾನೆ ಹತ್ತಿರ ಇನ್ನೂ ನಿಂತಿದೆ. ಬಿಡುಗಡೆಯಾದ ಮೇಲೆ ಕೆಲವರು ಅಲ್ಲೇ ತಮಿಳು ಹೆಂಗಸರನ್ನು ಮದುವೆಯಾಗಿ, ಹಸು ಸಾಕಿಕೊಂಡು, ಕಾಯಿಪಲ್ಲೆ ಬೆಳೆದುಕೊಂಡು ಉಳಿದರು. ಎಲ್ಲಿಯ ಚೀನಾ, ಎಲ್ಲಿಯ ನಡುವಟ್ಟಂ! ನಮ್ಮಜ್ಜಿಯ ನಾಲಗೆಯ ಕಹಿ ಇಷ್ಟು ಜನರ ಕೈ ದಾಟಿ ಬಂದದ್ದು.

ಇನ್ನೊಬ್ಬನ ಹೆಸರು ಹೇಳದೆ ಮುಂದೆ ಹೋಗಲಾರೆ. ಮಾನ್ವೆಲ್ ಇಂಕ್ರಾ ಮಮಾನಿ. ಬೊಲಿವಿಯಾ ದೇಶದ ಬೆಟ್ಟದ ಜನರವನು, ಚಾರ್ಲ್ಸ್ ಲೆಜರ್ ಅನ್ನೋ ಇಂಗ್ಲಿಷ್ ವ್ಯಾಪಾರಿಯ ಆಳು. ಯಾವ ಮರದ ತೊಗಟೆಯಲ್ಲಿ ಸಾರ ಹೆಚ್ಚು ಅಂತ ನೋಡಿದರೇ ಹೇಳಬಲ್ಲವನು. ಅವನು ಆರಿಸಿಕೊಟ್ಟ ಬೀಜವನ್ನು 1865ರಲ್ಲಿ ಲೆಜರ್ ಮಾರಲು ಹೋದ. ಇಂಗ್ಲಿಷ್ ಸರ್ಕಾರ ಬೇಡ ಅಂದಿತು, ಡಚ್ಚರು ಕೊಂಡು ಜಾವಾದಲ್ಲಿ ನೆಟ್ಟರು. ಆ ಜಾತಿಯ ಮುಂದೆ ನೀಲಗಿರಿಯ ತೊಗಟೆ ನಿಲ್ಲಲಿಲ್ಲ. ಬೆಲೆ ಬಿತ್ತು, ಇಲ್ಲಿನ ಎಷ್ಟೋ ತೋಟಗಾರರು ಸಿಂಕೋನಾ ತೆಗೆದು ಟೀ ಹಾಕಿದರು. ಆ ಮರಕ್ಕೆ ಲೆಜರನ ಹೆಸರೇ ಇಟ್ಟರು. ಮಮಾನಿಯನ್ನು ಬೀಜ ಕೂಡಿಸಿದ ತಪ್ಪಿಗೆ ಅವನ ದೇಶದವರು ಹಿಡಿದು ಜೈಲಿಗೆ ಹಾಕಿ ಹೊಡೆದರು, ಅದರಿಂದಲೇ ಸತ್ತ. ಇದನ್ನು ಮೇಷ್ಟ್ರು ವಾಚನಾಲಯದಲ್ಲಿ ಓದಿ ಹೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪದ ಕಟ್ಟಬೇಕಾದದ್ದು ಇಂಥವನ ಮೇಲೆ.

ತೋಟದಿಂದ ಹೊರಗೆ ಎತ್ತ ನೋಡಿದರೂ ನೀಲಗಿರಿ ಮರ. ಇದರ ವಿಚಾರದಲ್ಲಿ ನಮ್ಮ ಕನ್ನಡವೇ ಏಮಾರಿದೆ. ಈ ಮರ ಆಸ್ಟ್ರೇಲಿಯಾದ್ದು. ಟಿಪ್ಪುವಿನ ಕಾಲದಲ್ಲೇ ನಂದಿಬೆಟ್ಟದ ತೋಟದಲ್ಲಿ ನೆಟ್ಟಿದ್ದರು ಅಂತ ಹೇಳುತ್ತಾರೆ. ನೀಲಗಿರಿ ಬೆಟ್ಟಕ್ಕೆ 1843ರಲ್ಲಿ ಕ್ಯಾಪ್ಟನ್ ಕಾಟನ್ ಅನ್ನೋನು ತಂದ. ಚಳಿಗೆ ಸೌದೆ ಬೇಕಾಗಿತ್ತು, ಇದು ಬೇಗ ಬೆಳೆಯುತ್ತದೆ. ಬೇಗ ಬೆಳೆದು ಬೆಟ್ಟವನ್ನೇ ಮುಚ್ಚಿತು. ಕೊನೆಗೆ ಕನ್ನಡದಲ್ಲಿ ಬೆಟ್ಟದ ಹೆಸರನ್ನೇ ಮರ ಹೊತ್ತುಕೊಂಡಿತು, ಎಣ್ಣೆಗೂ ಅದೇ ಹೆಸರು. ನಮ್ಮ ಮಕ್ಕಳಿಗೆ ನೀಲಗಿರಿ ಅಂದರೆ ನೆಗಡಿಗೆ ಮೂಸುವ ಎಣ್ಣೆ. ಹನ್ನೆರಡು ವರ್ಷಕ್ಕೊಮ್ಮೆ ಕುರಿಂಜಿ ಹೂವು ಬಿಟ್ಟು ಬೆಟ್ಟಕ್ಕೆ ಬೆಟ್ಟವೇ ನೀಲಿಯಾಗುತ್ತದಲ್ಲ, ಆ ಹೂವು ಬೆಳೆಯೋದು ಬಯಲು ಹುಲ್ಲಿನ ಇಳಿಜಾರಿನಲ್ಲಿ. ಆ ಹುಲ್ಲಿನ ಮೇಲೆ ಈ ಮರವನ್ನೂ, ಅದೇ ಆಸ್ಟ್ರೇಲಿಯಾದ ವಾಟಲ್ ಮರವನ್ನೂ ನೆಟ್ಟುಬಿಟ್ಟರು. ಹುಲ್ಲು ಮತ್ತು ಮಡುವಿನ ಶೋಲೆ ಕಾಡು ಸೇರಿ ಮಳೆ ನೀರು ಹಿಡಿಯುತ್ತಿದ್ದವು. ಹುಲ್ಲು ಹೋದ ಕಡೆ ಒರತೆ ಬತ್ತಿತು ಅಂತ ಆ ಬಡಗ ಮಾಲಿ ಕೈ ತೋರಿಸಿ ತೋರಿಸಿ ಹೇಳಿದರು.

ಆಲೂಗಡ್ಡೆಯ ಮಿಕ್ಕ ಕಥೆಯನ್ನು ಬೇಸಾಯಗಾರರಿಗಾಗಿ ಹೇಳಿಬಿಡುತ್ತೇನೆ. ಊಟಿಯ ಹತ್ತಿರ ಮುತ್ತೊರೈನಲ್ಲಿ 1957ರಲ್ಲಿ ಕೇಂದ್ರ ಸರ್ಕಾರದ ಆಲೂಗಡ್ಡೆ ಸಂಶೋಧನಾ ಕೇಂದ್ರ ಬಂತು. 1961ರಲ್ಲಿ ಅಲ್ಲಿನ ಹೊಲಗಳ ಬೇರಿನಲ್ಲಿ ಕಣ್ಣಿಗೆ ಕಾಣದಂಥ ಒಂದು ಜಂತು ಸಿಕ್ಕಿತು. ಚಿನ್ನದ ಬಣ್ಣದ ಸಣ್ಣ ಕೋಶ ಕಟ್ಟಿಕೊಂಡು ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಇದರ ತವರೂ ಆಂಡೀಸ್ ಬೆಟ್ಟವೇ, ಆಲೂಗಡ್ಡೆಯ ತವರೂ ಅದೇ. ಬೆಳೆಯ ಬೆನ್ನಿಗೆ ಅದರ ಶನಿಯೂ ಬಂತು. ನೀಲಗಿರಿಯಿಂದ ಬಿತ್ತನೆ ಗಡ್ಡೆ ಹೊರಗೆ ಸಾಗಿಸಕೂಡದು ಅಂತ ಸರ್ಕಾರ ತಡೆ ಹಾಕಿತು. ಅಗ್ಗಕ್ಕೆ ಸಿಕ್ಕಿತು ಅಂತ ಮೂಲ ಗೊತ್ತಿಲ್ಲದ ಬಿತ್ತನೆ ತರುವ ನಮ್ಮ ಹುಡುಗರು ಇದನ್ನು ಎರಡು ಸಲ ಓದಲಿ.

ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮ ಹಿರಿಯರು ಒಂದು ಗುರುತು ಇಟ್ಟಿದ್ದಾರೆ, ಅದು ‘ಸೀಮೆ’ ಅನ್ನೋ ಮಾತು. ಸೀಮೆಸುಣ್ಣ, ಸೀಮೆಎಣ್ಣೆ, ಸೀಮೆಹುಣಸೆ, ಸೀಮೆಹಸು, ಸೀಮೆಬದನೆ. ಈ ಸೀಮೆಬದನೆಯನ್ನು ನಮ್ಮ ಸಂತೆಯಲ್ಲಿ ತಮಿಳಿನವರು ‘ಬೆಂಗಳೂರು ಕತ್ತರಿಕಾಯಿ’ ಅಂತಾರೆ. ಬೆಂಗಳೂರಿನ ಲಾಲ್‌ಬಾಗ್ ಇದೆಯಲ್ಲ, 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಅಲ್ಲಿ ಜಾನ್ ಕ್ಯಾಮರಾನ್ ಅನ್ನೋ ಅಧಿಕಾರಿ ಈ ಕಾಯಿಯನ್ನು ಹಬ್ಬಿಸಿದ. ಒಂದೇ ತಕ್ಕಡಿಯಲ್ಲಿ ಬಿದ್ದ ಕಾಯಿ. ಅದನ್ನು ನಾವು ಬೇರೆ ಸೀಮೆಯದು ಅಂದೆವು, ಅವರು ಬೆಂಗಳೂರಿನದು ಅಂದರು. ಗಡಿಯಲ್ಲಿ ಬಾಳೋರಿಗೆ ಸಂತೆಯಲ್ಲೇ ಚರಿತ್ರೆ ಸಿಗುತ್ತದೆ.

ಸೀಮೆ ಅಂತ ಗುರುತು ಹಾಕದೆ ಒಳಗೆ ಬಿಟ್ಟುಕೊಂಡ ಒಂದು ಗಿಡ ನಮ್ಮನ್ನು ಈಗ ತಿನ್ನುತ್ತಾ ಇದೆ, ಲಂಟಾನ. ನಮ್ಮಲ್ಲಿ ಕೆಲವರು ಉಣ್ಣಿಗಿಡ ಅಂತೀವಿ. ಇದೂ ಅಮೆರಿಕದ ಕಡೆಯದು. 1800ರ ಮೊದಮೊದಲ ವರ್ಷಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಬಣ್ಣಬಣ್ಣದ ಹೂವು, ಬೇಲಿಗೆ ಚೆನ್ನ ಅಂತ ತಂದರು. ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿತು. ಇವತ್ತು ದಿಂಬಂ, ಹಾಸನೂರು, ಬಿಳಿಗಿರಿ, ಮಾದಪ್ಪನ ಬೆಟ್ಟ, ಎಲ್ಲಿ ಹೋದರೂ ಆಳೆತ್ತರ ಅದೇ ಪೊದೆ. ಸೋಲಿಗರು ಬೇಸಿಗೆಯ ಮೊದಲಲ್ಲಿ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು, ತರಗು ಬೆಂಕಿ ಅಂತ. ಅದರಲ್ಲಿ ಮರ ಸುಡುತ್ತಿರಲಿಲ್ಲ, ಹುಲ್ಲು ಚಿಗುರುತ್ತಿತ್ತು, ಲಂಟಾನದ ಮೊಳಕೆ ಸಾಯುತ್ತಿತ್ತು. ಕಾನೂನು ಬಂದು ಬೆಂಕಿ ನಿಂತಿತು, ಲಂಟಾನ ಎದ್ದಿತು ಅಂತ ಅವರ ಮಾತು. ಆ ಮಾತನ್ನು ಈಗ ಓದಿದವರೂ ಕೇಳುತ್ತಿದ್ದಾರೆ. ಲಂಟಾನದ ಕೆಳಗೆ ಹುಲ್ಲು ಬರೋಲ್ಲ, ಆನೆಗೆ ಮೇವಿಲ್ಲ, ಆನೆ ನಮ್ಮ ರಾಗಿ ಹೊಲಕ್ಕೆ ಬರುತ್ತದೆ. ರಾತ್ರಿ ಅಟ್ಟಣೆ ಮೇಲೆ ಕೂತು ಪಟಾಕಿ ಹೊಡೆಯುವ ನಮ್ಮ ಹುಡುಗರ ನಿದ್ದೆಗೂ ಕಲ್ಕತ್ತೆಯ ಒಂದು ಹೂಪಾತಿಗೂ ಸಂಬಂಧ ಇದೆ ಅಂದರೆ ನಂಬೋದು ಕಷ್ಟ, ಆದರೆ ಇದೆ. ಮಾದಪ್ಪನ ಬೆಟ್ಟದ ಸೋಲಿಗರು ಅದೇ ಲಂಟಾನದ ಬರಲಿನಿಂದ ಕುರ್ಚಿ, ಬುಟ್ಟಿ, ಆನೆಯ ಆಕಾರ ಹೆಣೆದು ಮಾರುತ್ತಾರೆ. ಬೇಡದೆ ಬಂದದ್ದರಲ್ಲೂ ಬದುಕು ತೆಗೆಯೋರು ಅವರು.

ತೋಟದ ಮೇಲಿನ ಅಂಚಿಗೆ ಹತ್ತಿದರೆ ತೊದವರ ಮಂದು ಇದೆ. ನಮ್ಮಲ್ಲಿ ಅರ್ಧ ಜನ ಅಲ್ಲಿಗೆ ಹತ್ತಲಿಲ್ಲ, ಹತ್ತಿದವರು ಪುಣ್ಯವಂತರು. ಹಣ್ಣಿನ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂಥ ಅವರ ಗುಡಿಸಲು, ಬಗ್ಗಿ ತೆವಳಿ ಹೋಗಬೇಕಾದ ಸಣ್ಣ ಬಾಗಿಲು. ಈ ಬೆಟ್ಟದ ಹುಲ್ಲುಗಾವಲೆಲ್ಲ ಅವರ ಎಮ್ಮೆಗಳದಾಗಿತ್ತು. ತೋಟ ಬರುವ ಮೊದಲಿಂದಲೂ ಅವರು ಅಲ್ಲೇ. ಕೆಳಗಿನ ಫಲಕಗಳಲ್ಲಿ ಯಾವ ಗಿಡ ಯಾವ ದೇಶದ್ದು ಅಂತ ಬರೆದಿದೆ. ಈ ನೆಲದ ಯಾವ ಹುಲ್ಲಿಗೆ, ಯಾವ ಹೂವಿಗೆ ತೊದವರು ಏನು ಅಂತಾರೆ, ಬಡಗರು ಏನು ಅಂತಾರೆ ಅನ್ನೋದನ್ನು ನಾನು ನೋಡಿದ ಫಲಕಗಳಲ್ಲಿ ಕಾಣಲಿಲ್ಲ. ಅಲ್ಲಿ ಶಾಲು ಹೊಲಿಯುತ್ತಾ ಕೂತಿದ್ದ ಒಬ್ಬ ಅಮ್ಮನಿಗೆ ನಾನು ಕೈ ಮುಗಿದೆ. ಅವರು ತಮಿಳಿನಲ್ಲಿ “ಊಟ ಆಯ್ತಾ” ಅಂತ ಕೇಳಿದರು. ಮಕ್ಕಳು ಕಸೂತಿಯ ಕೆಂಪು ಕಪ್ಪು ನೂಲು ನೋಡುತ್ತಾ ನಿಂತರು.

ಊರಿಗೆ ಬಂದ ಮೇಲೆ ವಾಚನಾಲಯದಲ್ಲಿ ಒಂದು ದಪ್ಪ ಲೆಕ್ಕದ ಪುಸ್ತಕ ಇಟ್ಟಿದ್ದೇವೆ. ಭಾನುವಾರ ಬೆಳಿಗ್ಗೆ ಮಕ್ಕಳು ಬರುತ್ತಾರೆ. ದೊಡ್ಡವರನ್ನು ಕೇಳಿ ಗಿಡದ ಹೆಸರು ಬರೆಯುತ್ತಾರೆ. ಎದುರಿಗೆ ಏನಕ್ಕೆ ಬರುತ್ತದೆ, ಎಲ್ಲಿ ಸಿಗುತ್ತದೆ, ಯಾರು ಹೇಳಿದರು ಅಂತ. ಮಾಲಿಯ ಹೆಸರು ಬಿಟ್ಟುಹೋದ ಹಾಗೆ ಆಗಬಾರದಲ್ಲ, ಹೇಳಿದವರ ಹೆಸರು ಕಡ್ಡಾಯ. ತಡಸಲು, ದಿಂಡುಗ, ಜಾಲ, ಕಾರೆ, ಕವಳೆ, ಬಂದರೆ, ತಂಗಡಿ, ಎಲಚಿ, ಬಿಕ್ಕೆ, ಅಂಟುವಾಳ ಎಲ್ಲ ಬಂದಿವೆ. ಮಾಗಳಿ ಬೇರು ಬರೆಯುವಾಗ ಒಬ್ಬ ಹುಡುಗ ‘ಅಂಗಡಿಯಲ್ಲಿ, ಬಾಟಲಿ ಒಳಗೆ ಸಿಗುತ್ತದೆ’ ಅಂತ ಬರೆದಿದ್ದ. ನಾವು ಹುಡುಗರಾಗಿದ್ದಾಗ ಬೆಟ್ಟಕ್ಕೆ ಹೋಗಿ ಅಗೆದು ತಂದು ಮಜ್ಜಿಗೆಗೆ ಹಾಕುತ್ತಿದ್ದೆವು. ಈಗ ಅಗೆದೂ ಅಗೆದೂ ಅದು ಕಣ್ಣಿಗೆ ಬೀಳೋದೇ ಅಪರೂಪ. ಹುಡುಗ ಬರೆದದ್ದನ್ನು ತಿದ್ದಿಸಲಿಲ್ಲ, ಹಾಗೇ ಇದೆ.

ಒಬ್ಬ ಸೋಲಿಗರ ಅಜ್ಜಿ ಬೋದೆ ಹುಲ್ಲಿನ ವಿಚಾರ ಹೇಳುತ್ತಾ, “ಮನೆಗೆ ಹೊದಿಸಾಕೆ ಒಂದ್ ದಿನದಲ್ಲಿ ಕುಯ್ಕೊಂಡ್ ಬರ್ತಿದ್ದೊ ಕಣಪ್ಪ, ಈಗ ಒಂದ್ ಹೊರೆಗೆ ಇಡೀ ಬೆಟ್ಟ ಸುತ್ತಬೇಕು” ಅಂದಳು. ಅದನ್ನೂ ಅವಳ ಮಾತಿನಲ್ಲೇ ಬರೆಸಿದೆ. ನಾನು ಹೇಳುವ ಪದಗಳಲ್ಲಿ ಬರುವ ಎರಡು ಸೊಪ್ಪಿನ ಹೆಸರಿಗೆ ಗಿಡ ತೋರಿಸೋರು ಇನ್ನೂ ಸಿಕ್ಕಿಲ್ಲ, ಆ ಎರಡು ಸಾಲಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇವೆ. ಬಲ್ಲವರು ಮನೆಯಲ್ಲಿದ್ದರೆ ಒಂದು ಭಾನುವಾರ ಕರೆದುಕೊಂಡು ಬನ್ನಿ. ಪುಸ್ತಕ ಪೇಪರು ಓದುವ ಮೇಜಿನ ಎಡಗಡೆ ಖಾನೆಯಲ್ಲಿದೆ, ಪೆನ್ನು ದಾರ ಕಟ್ಟಿ ಇಟ್ಟಿದೆ.